ತಮಟೆ: ಒಂದು ವಾದ್ಯ, ಎರಡು ಹೆಸರು

ನಮ್ಮ ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿ ಸೀಮೆಯಲ್ಲಿ ಒಂದೇ ವಾದ್ಯಕ್ಕೆ ಎರಡು ಹೆಸರು. ಕನ್ನಡದಲ್ಲಿ ತಮಟೆ, ತಮಿಳಿನಲ್ಲಿ ಪರೈ. ಮಾರಮ್ಮನ ಜಾತ್ರೆಗೂ ಅದು ಬೇಕು, ಸಾವಿನ ಮನೆಗೂ ಬೇಕು. ಆದರೆ ಬಾರಿಸುವವರನ್ನು ಊರು ಬಹುಕಾಲ ಹೊರಗೇ ನಿಲ್ಲಿಸಿತು. ಈ ಕೀಳುತನ ವಾದ್ಯದ ಹುಟ್ಟುಗುಣವೇ? ಅಲ್ಲವೆನ್ನುತ್ತದೆ ಚರಿತ್ರೆ.

9ನೆಯ ಶತಮಾನದ ಕೊನೆಯಲ್ಲಿ ತಗಡೂರು, ಅಂದರೆ ಇಂದಿನ ಧರ್ಮಪುರಿ, ನೊಳಂಬ ಅರಸ ಮಹೇಂದ್ರನ ಆಳ್ವಿಕೆಯಲ್ಲಿತ್ತು. ನೊಳಂಬರ ಶಾಸನಗಳಲ್ಲಿ ‘ಸಮಧಿಗತ ಪಂಚಮಹಾಶಬ್ದ’ ಎಂಬ ಬಿರುದು ಬರುತ್ತದೆ. ಐದು ಮಹಾವಾದ್ಯಗಳ ಗೌರವ ಪಡೆದವನೆಂದು ಅದಕ್ಕೆ ಸಾಮಾನ್ಯವಾಗಿ ಅರ್ಥ ಹೇಳುತ್ತಾರೆ. ಯಾವುವು ಆ ಐದು? ನಿಜಗುಣ ಶಿವಯೋಗಿಗಳ ‘ವಿವೇಕಚಿಂತಾಮಣಿ’ ಅವನ್ನು ಹೆಸರಿಸುತ್ತದೆ: ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ. ಎರಡನೆಯ ಹೆಸರನ್ನು ಗಮನಿಸಿ. ಅದೇ ಮಾತು ನಮ್ಮ ಬಾಯಲ್ಲಿ ತಮಟೆಯಾಗಿ ಉಳಿದಿದೆ.

ತಮಿಳಿನ ಸಂಗಂ ಕಾಲದ ‘ಪುರನಾನೂರು’ ಕೂಡ ಪರೈಯವರನ್ನು ನಾಲ್ಕು ಮುಖ್ಯ ಕುಲಗಳಲ್ಲಿ ಎಣಿಸುತ್ತದೆ. ತಗಡೂರಿನ ಅದಿಯಮಾನನನ್ನು ಕುರಿತ ಅವ್ವೈಯಾರ್ ಪದ್ಯಗಳಿರುವುದೂ ಅದೇ ಸಂಕಲನದಲ್ಲಿ.

ಮರದ ಬಳೆಗೆ ತೊಗಲು ಬಿಗಿದರೆ ತಮಟೆ. ಬೆಂಕಿಗೆ ಹಿಡಿದಾಗ ತೇವ ಆರಿ ತೊಗಲು ಬಿಗಿಯಾಗುತ್ತದೆ, ದನಿ ಚುರುಕಾಗುತ್ತದೆ. ಒಂದು ಕೈಯಲ್ಲಿ ಗಿಡ್ಡನೆಯ ದಪ್ಪ ಕೋಲು, ಇನ್ನೊಂದರಲ್ಲಿ ಉದ್ದನೆಯ ತೆಳು ಕಡ್ಡಿ. ಧ್ವನಿವರ್ಧಕ ಇಲ್ಲದ ಕಾಲದಲ್ಲಿ ಡಂಗುರಕ್ಕೆ ಇದೇ ಆಧಾರ. ಆದರೆ ಸತ್ತ ದನದ ತೊಗಲು, ಹೆಣದ ಮುಂದಿನ ಬಡಿತ ಮೈಲಿಗೆಯೆಂದು ಎಣಿಸಿದ ಸಮಾಜ, ಅದನ್ನು ಕೆಲವೇ ಜನರ ಬಿಟ್ಟಿ ಚಾಕರಿಯಾಗಿಸಿತು. 20ನೆಯ ಶತಮಾನದಲ್ಲಿ ಗಡಿಯ ಎರಡೂ ಕಡೆ ದಲಿತ ಚಳವಳಿಗಳು ಇದನ್ನು ಪ್ರಶ್ನಿಸಿದವು. ಇನ್ನು ಬಾರಿಸೆವು ಎಂದು ಕೆಲವರು ತಮಟೆ ಕೆಳಗಿಟ್ಟರು. ಕೆಲವರು ಅದನ್ನೇ ಹೋರಾಟದ ದನಿಯಾಗಿ ಎತ್ತಿಕೊಂಡರು. ಎರಡೂ ಸ್ವಾಭಿಮಾನದ ನಡೆಯೇ.

ದೂರದ ಮಂಗೋಲಿಯಾದಲ್ಲಿ ಕುದುರೆ ಬಾಲದ ಕೂದಲನ್ನೇ ತಂತಿ ಮಾಡಿದ ಮೊರಿನ್ ಖೂರ್ ಎಂಬ ವಾದ್ಯವಿದೆ. ಅದು ಕುರಿ, ಕುದುರೆ ಮೇಯಿಸುವವರದು. ಇಡೀ ದೇಶ ಅದನ್ನು ತನ್ನ ಹೆಮ್ಮೆಯೆಂದು ಕಾಣುತ್ತದೆ. 2008ರಲ್ಲಿ ಅದು ಯುನೆಸ್ಕೊ ಪಟ್ಟಿಗೂ ಸೇರಿತು. ನಮ್ಮ ತಮಟೆಗೆ ಗೌರವ ತಡವಾಗಿ ಬಂತು. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ, 2025ರಲ್ಲಿ ಮಧುರೆಯ ಪರೈ ಕಲಾವಿದ ವೇಲು ಆಸಾನ್ ಅವರಿಗೆ ಪದ್ಮಶ್ರೀ ದೊರೆಯಿತು. ಗಡಿಯ ಆಚೆಗೊಂದು, ಈಚೆಗೊಂದು.

ತಮಟೆ ಉಳಿಯಬೇಕೆನ್ನುವ ನಾವು ಒಂದು ಮಾತು ನೆನಪಿಡಬೇಕು. ಬಾರಿಸುವ ಕೈಗೆ ತಕ್ಕ ಕೂಲಿ ಬೇಕು, ಜಾತ್ರೆಯ ಪಂಕ್ತಿಯಲ್ಲಿ ಎಲೆ ಬೇಕು. ಒಲ್ಲೆನೆಂದಾಗ ಬಿಡುವ ಸ್ವಾತಂತ್ರ್ಯವೂ ಬೇಕು. ಅರಸರಿಗೆ ಬಿರುದಾಗಿದ್ದ ದನಿ, ಬಾರಿಸುವವರಿಗೆ ಮರ್ಯಾದೆ ತಂದಾಗಲೇ ನಿಜವಾದ ಮಹಾಶಬ್ದ.