ನಿದ್ರೆ, ದೈನಿಕ ಲಯ ಮತ್ತು ಮಿದುಳಿನ ಮಂದತರಂಗಗಳು

ಗಾಢನಿದ್ರೆಯಲ್ಲಿರುವ ಮನುಷ್ಯನ ತಲೆಯ ಮೇಲೆ ವಿದ್ಯುದಗ್ರಗಳನ್ನಿರಿಸಿ ಮಿದುಳಿನ ವಿದ್ಯುಲ್ಲೇಖವನ್ನು ತೆಗೆದಾಗ, ಸೆಕೆಂಡಿಗೆ ಸುಮಾರು 0.5ರಿಂದ 4 ಬಾರಿಯಂತೆ ನಿಧಾನವಾಗಿ ಏರಿಳಿಯುವ, ಎಚ್ಚರದ ಅಲೆಗಳಿಗಿಂತ ಎಷ್ಟೋ ಎತ್ತರವಾದ ತರಂಗಗಳು ಗೋಚರವಾಗುತ್ತವೆ, ಇವೇ ಮಂದತರಂಗಗಳು. ಇವುಗಳ ಪ್ರಾಚುರ್ಯವನ್ನು ನಿರ್ಣಯಿಸುವ ಕಾರಣಗಳು ಮುಖ್ಯವಾಗಿ ಎರಡು: ಮಲಗುವುದಕ್ಕೆ ಮೊದಲು ಎಚ್ಚರದಿಂದ ಕಳೆದ ಕಾಲ ಒಂದು, ಹಗಲಿರುಳುಗಳಿಗೆ ಹೊಂದಿಕೊಂಡು ದೇಹದೊಳಗೆ ನಡೆಯುವ ದೈನಿಕ ಲಯ ಮತ್ತೊಂದು. ನಿತ್ಯಜೀವನದಲ್ಲಿ ಇವೆರಡೂ ಒಟ್ಟೊಟ್ಟಿಗೇ ಸಾಗುವುದರಿಂದ ಒಂದರ ಫಲವನ್ನು ಇನ್ನೊಂದರ ಫಲದಿಂದ ಬೇರ್ಪಡಿಸಿ ನೋಡುವುದು ಬಹುಕಾಲ ದುಸ್ಸಾಧ್ಯವಾಗಿತ್ತು. ನಿದ್ರಾವಿಜ್ಞಾನದ ಅತ್ಯುತ್ತಮ ಪ್ರಯೋಗಗಳಲ್ಲಿ ಕೆಲವು ಹುಟ್ಟಿದ್ದು ಈ ತೊಡಕಿನಿಂದಲೇ.

ಮನುಷ್ಯನ ಮಿದುಳಿನ ವಿದ್ಯುಲ್ಲೇಖವನ್ನು 1924ರಲ್ಲಿ ಮೊದಲಿಗೆ ಪಡೆದು 1929ರಲ್ಲಿ ಪ್ರಕಟಿಸಿದವರು ಜರ್ಮನಿಯ ಯೇನಾ ನಗರದ ಮನೋವೈದ್ಯ ಹ್ಯಾನ್ಸ್ ಬರ್ಗರ್. ಇಂಗ್ಲೆಂಡಿನ ಗ್ರೇ ವಾಲ್ಟರ್ 1936ರಲ್ಲಿ, ಮಿದುಳಿನೊಳಗೆ ಗಡ್ಡೆ ಬೆಳೆದ ರೋಗಿಗಳಲ್ಲಿ ಮಂದಗತಿಯ ಅಲೆಗಳನ್ನು ಕಂಡು ಅವಕ್ಕೆ ಡೆಲ್ಟಾ ಎಂದು ಹೆಸರಿಟ್ಟರು. ಮರುವರ್ಷವೇ ಅಮೆರಿಕದ ಆಲ್ಫ್ರೆಡ್ ಲೂಮಿಸ್ ಮತ್ತು ಸಹೋದ್ಯೋಗಿಗಳು ಆರೋಗ್ಯವಂತರ ನಿದ್ರೆಯನ್ನು ಹಂತಗಳಾಗಿ ವಿಂಗಡಿಸಿ, ಆಳದ ಹಂತಗಳಲ್ಲಿ ಅಂಥವೇ ಅಲೆಗಳು ತುಂಬಿರುವುದನ್ನು ತೋರಿಸಿಕೊಟ್ಟರು. ಎಚ್ಚರವಾಗಿರುವ ವಯಸ್ಕನಲ್ಲಿ ವ್ಯಾಧಿಯ ಸೂಚನೆಯಾಗಬಹುದಾದದ್ದೇ ನಿದ್ರಿತನಲ್ಲಿ ಸ್ವಾಸ್ಥ್ಯದ ಲಕ್ಷಣವಾಗಿರುವುದು ಮನನಯೋಗ್ಯವಾದ ಸಂಗತಿ.

ಈ ತರಂಗಗಳು ಮೂಡುವ ಬಗೆಯನ್ನು ವಿಶದಪಡಿಸಿದವರು ರುಮೇನಿಯದಲ್ಲಿ ಜನಿಸಿ ಕೆನಡದ ಲಾವಾಲ್ ವಿಶ್ವವಿದ್ಯಾಲಯದಲ್ಲಿ ನೆಲೆಸಿದ ಮಿರ್ಚಾ ಸ್ಟೆರಿಯಾಡೆ. ಸೆಕೆಂಡಿಗೆ ಒಂದಕ್ಕಿಂತಲೂ ಕಡಿಮೆ ಆವರ್ತನವುಳ್ಳ ಮೂಲ ಆಂದೋಲನವೊಂದುಂಟೆಂದೂ, ಮಿದುಳಿನ ಹೊರಪದರದ ನರಕೋಶಗಳು ಅಸಂಖ್ಯವಾಗಿ ಒಮ್ಮೆಗೇ ಕ್ರಿಯಾಶೀಲವಾಗಿ, ಮರುಕ್ಷಣವೇ ಒಮ್ಮೆಗೇ ಸ್ತಬ್ಧವಾಗುವುದು ಅದರ ಸ್ವರೂಪವೆಂದೂ ಅವರು 1993ರಲ್ಲಿ ಬೆಕ್ಕುಗಳ ಮೇಲಣ ಪ್ರಯೋಗಗಳಿಂದ ಸ್ಥಾಪಿಸಿದರು. ಮನುಷ್ಯರಲ್ಲಿ ಇಂಥ ಅಲೆ ಬಹುಮಟ್ಟಿಗೆ ಮಿದುಳಿನ ಮುಂಭಾಗದಲ್ಲಿ ಹುಟ್ಟಿ ಹಿಂಭಾಗದತ್ತ ಹರಿಯುತ್ತದೆ. ಹೆಚ್ಚು ಕೋಶಗಳು ಏಕಕಾಲದಲ್ಲಿ ಸ್ತಬ್ಧವಾದಷ್ಟೂ ಅಲೆ ಎತ್ತರವಾಗುತ್ತದೆ.

ಎಚ್ಚರ ದೀರ್ಘವಾದಷ್ಟೂ ನಿದ್ರೆಯ ಒತ್ತಡ ಏರುತ್ತದೆ. ಆ ಒತ್ತಡಕ್ಕೆ ಮಂದತರಂಗಗಳಿಗಿಂತ ನಂಬಲರ್ಹವಾದ ಅಳತೆಗೋಲು ಈವರೆಗೆ ದೊರೆತಿಲ್ಲ. ರಾತ್ರಿಯ ಮೊದಲನೆಯ ನಿದ್ರಾಚಕ್ರದಲ್ಲಿ ಅವು ಅತ್ಯಧಿಕವಾಗಿದ್ದು, ಸುಮಾರು 90 ನಿಮಿಷಗಳ ಒಂದೊಂದು ಚಕ್ರ ಕಳೆದಂತೆಯೂ ಕ್ಷೀಣಿಸುತ್ತ ಬೆಳಗಿನ ಜಾವಕ್ಕೆ ವಿರಳವಾಗುತ್ತವೆ. ರಾತ್ರಿಯಿಡೀ ಜಾಗರಣೆ ಮಾಡಿದವನ ಮುಂದಿನ ನಿದ್ರೆಯಲ್ಲಿ ಉಕ್ಕಿಬರುತ್ತವೆ, ಸಂಜೆ ಒಂದು ತೂಕಡಿಕೆ ತೆಗೆದವನ ರಾತ್ರಿನಿದ್ರೆಯಲ್ಲಿ ತಗ್ಗುತ್ತವೆ. ಎಚ್ಚರದ ವೇಳೆಯಲ್ಲಿ ಮಿದುಳಿನೊಳಗೆ ಸಂಚಯಗೊಳ್ಳುವ ಅಡಿನೋಸಿನ್ ಎಂಬ ದ್ರವ್ಯ ಈ ಒತ್ತಡದ ಕಾರಣಗಳಲ್ಲೊಂದು; ಅದರ ಕ್ರಿಯೆಗೆ ಅಡ್ಡಬರುವ ಕೆಫೀನು ನಿದ್ರೆಯನ್ನು ದೂರಮಾಡುವುದಷ್ಟೇ ಅಲ್ಲದೆ, ಕೊನೆಗೂ ಬಂದ ನಿದ್ರೆಯ ಮಂದತರಂಗಗಳನ್ನೂ ಕುಗ್ಗಿಸುತ್ತದೆ. ಜ್ಯೂರಿಕ್ ನಗರದ ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ಈ ಒತ್ತಡವನ್ನೂ ದೈನಿಕ ಲಯವನ್ನೂ ಎರಡು ಪ್ರತ್ಯೇಕ ಪ್ರಕ್ರಿಯೆಗಳೆಂದು ಭಾವಿಸಿ, ಅವೆರಡರ ಸಂಯೋಗದಿಂದಲೇ ನಿದ್ರೆಯ ಹೊತ್ತೂ ಆಳವೂ ಏರ್ಪಡುತ್ತವೆಂಬ ಸಿದ್ಧಾಂತವನ್ನು ಮುಂದಿಟ್ಟರು.

ದೈನಿಕ ಲಯದ ಅಧಿಷ್ಠಾನ ಹೈಪೊಥಲಮಸ್ ಎಂಬ ಮಿದುಳಿನ ಭಾಗದಲ್ಲಿ, ಕಣ್ಣಿನ ನರಗಳು ಒಂದನ್ನೊಂದು ಹಾಯುವ ಎಡೆಯ ಮೇಲ್ಗಡೆ ಇರುವ, ಸುಮಾರು 20,000 ಕೋಶಗಳ ಪುಟ್ಟ ಗುಂಪು. ಇಲಿಗಳಲ್ಲಿ ಇದನ್ನು ನಾಶಮಾಡಿದರೆ ನಿದ್ರೆಗೆ ಹೊತ್ತುಗೊತ್ತಿಲ್ಲದಂತಾಗಿ ಹಗಲಿರುಳೆನ್ನದೆ ಚದುರಿಹೋಗುತ್ತದೆ. ಆದರೆ ಅಂಥ ಇಲಿಗಳನ್ನು ನಿದ್ರೆಗೆಡಿಸಿದಾಗಲೂ ಮಂದತರಂಗಗಳು ಮೊದಲಿನಂತೆಯೇ ಅಧಿಕವಾಗುತ್ತವೆ. ದೈನಿಕ ಲಯದ ಈ ಗಡಿಯಾರ ಕೆಟ್ಟರೂ ಎಚ್ಚರದ ಲೆಕ್ಕ ಕೆಡದೆಂಬುದು ಇದರಿಂದ ಖಚಿತವಾಯಿತು.

ಮನುಷ್ಯನಲ್ಲಿ ಇದನ್ನು ಪರೀಕ್ಷಿಸುವ ಬಗೆ ಹೇಗೆ? ಶಿಕಾಗೋದ ನಥೇನಿಯಲ್ ಕ್ಲೈಟ್‌ಮನ್ 1938ರಲ್ಲಿಯೇ ಶಿಷ್ಯರೊಬ್ಬರೊಡನೆ ಕೆಂಟಕಿಯ ಮ್ಯಾಮತ್ ಗುಹೆಯಲ್ಲಿ ತಿಂಗಳಿಗೂ ಮಿಕ್ಕು ವಾಸಮಾಡಿ, 28 ಗಂಟೆಗಳನ್ನು ಒಂದು ದಿನವೆಂದು ಗಣಿಸಿ ಬಾಳಿ ನೋಡಿದ್ದರು. ಶಿಷ್ಯನ ದೇಹೋಷ್ಣತೆ ಹೊಸ ದಿನಕ್ಕೆ ಹೊಂದಿಕೊಂಡಿತಾದರೂ ಗುರುವಿನದು ಹಳೆಯ ಲಯವನ್ನು ಬಿಡಲಿಲ್ಲ. ಬಾಸ್ಟನ್ನಿನಲ್ಲಿ ಡರ್ಕ್-ಯಾನ್ ಡೈಕ್ ಮತ್ತು ಚಾರ್ಲ್ಸ್ ಜೈಸ್ಲರ್ ಇದೇ ಉಪಾಯವನ್ನು ಪರಿಷ್ಕರಿಸಿ, ಕಾಲಸೂಚನೆಯೇ ಇಲ್ಲದ ಮಂದಪ್ರಕಾಶದ ಕೊಠಡಿಗಳಲ್ಲಿ ಜನರನ್ನು 28 ಗಂಟೆಗಳ ದಿನದಂತೆ, ಎಂದರೆ 18 ಗಂಟೆ 40 ನಿಮಿಷ ಎಚ್ಚರ, 9 ಗಂಟೆ 20 ನಿಮಿಷ ಶಯನ ಎಂಬ ಕ್ರಮದಲ್ಲಿ, ವಾರಗಟ್ಟಲೆ ಇರಿಸಿದರು. 24 ಗಂಟೆಗಳನ್ನು ಕಿಂಚಿತ್ತೇ ಮೀರಿದ ಆಂತರಿಕ ಗಡಿಯಾರ ಇಂಥ ದಿನವನ್ನು ಅನುಸರಿಸಲಾರದೆ ತನ್ನ ಪಾಡಿಗೆ ತಾನು ನಡೆಯುವುದರಿಂದ, ಶಯನಕಾಲವು ಸರದಿಯಂತೆ ಲಯದ ಪ್ರತಿಯೊಂದು ಘಟ್ಟದಲ್ಲಿಯೂ ಬಂದೊದಗಿತು. ಎಚ್ಚರದ ಅವಧಿ ಮಾತ್ರ ಪ್ರತಿಸಲವೂ ಸಮನಾಗಿಯೇ ಉಳಿಯಿತು. 1995ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು. ಮಂದತರಂಗಗಳು ಯಾವ ಘಟ್ಟದಲ್ಲಿ ಮಲಗಿದರೂ ನಿದ್ರೆಯ ಆದಿಯಲ್ಲಿ ತುಂಬಿಬಂದು ಕ್ರಮೇಣ ಇಳಿದುವು, ಗಡಿಯಾರದ ಪ್ರಭಾವ ಅವುಗಳ ಮೇಲೆ ಅತ್ಯಲ್ಪವಾಗಿ ಕಂಡಿತು. ಆದರೆ ಕನಸಿನ ನಿದ್ರೆಯೂ, ನಿದ್ರೆಯ ವಿದ್ಯುಲ್ಲೇಖದಲ್ಲಿ ಕಾಣುವ ಕದಿರಿನಾಕಾರದ ತರಂಗಗಳೂ ಗಡಿಯಾರಕ್ಕೆ ವಿಶೇಷವಾಗಿ ಅಧೀನವಾಗಿದ್ದುವು. ಒಂದನ್ನು ಮುಟ್ಟದೆ ಇನ್ನೊಂದನ್ನು ಕದಲಿಸುವ ಈ ಪ್ರಯೋಗದ ಸೊಬಗು ಶರೀರವಿಜ್ಞಾನದಲ್ಲಿ ವಿರಳವಾದುದೆಂದೇ ಹೇಳಬೇಕು. ಆದರೂ ಮಂದತರಂಗಗಳ ಸಂಖ್ಯೆ, ಎತ್ತರ, ಇಳಿಜಾರುಗಳನ್ನು ಬಿಡಿಬಿಡಿಯಾಗಿ ಅಳೆದ ಅನಂತರದ ಅಧ್ಯಯನಗಳು ಗಡಿಯಾರಕ್ಕೂ ಅವುಗಳಲ್ಲಿ ತಕ್ಕ ಪಾಲುಂಟೆಂದು ತೋರಿಸಿವೆ.

ರಾತ್ರಿ ಪಾಳಿಯ ದುಡಿಮೆ ಮುಗಿಸಿ ಬೆಳಿಗ್ಗೆ ಮಲಗುವವನಿಗೆ ಮಂದತರಂಗಗಳು ಸಮೃದ್ಧವಾಗಿಯೇ ಬಂದು, ಮೊದಲ ಕೆಲವು ಗಂಟೆಗಳು ಗಾಢವಾಗಿಯೇ ಕಳೆಯುವುದೂ, ಆಮೇಲೆ ಒತ್ತಡ ಇಳಿದೊಡನೆ ಏರುಹಗಲಿನ ಗಡಿಯಾರ ಅವನನ್ನು ಹೊತ್ತಿಗೆ ಮುಂಚೆ ಎಬ್ಬಿಸಿಬಿಡುವುದೂ ಒತ್ತಡ, ಗಡಿಯಾರಗಳ ಈ ಭೇದದಿಂದ ಅರ್ಥವಾಗುತ್ತದೆ. ಆತನ ಕೊರತೆ ಆಳದ್ದಲ್ಲ, ಅವಧಿಯದು.

ಎಚ್ಚರದ ಅವಧಿಯಂತೆಯೇ ಅದರ ಬಳಕೆಯೂ ಗಣನೀಯ. ಕೈಚಳಕದ ಹೊಸ ಪಾಠವೊಂದನ್ನು ಕಲಿತವರಲ್ಲಿ ಆ ಕಲಿಕೆಗೆ ದುಡಿದ ಭಾಗದಲ್ಲಿಯೇ ಮಂದತರಂಗಗಳು ಹೆಚ್ಚಿದುದನ್ನು 2004ರಲ್ಲಿಯೂ, ಒಂದು ತೋಳನ್ನು ಅಲುಗದಂತೆ ಕಟ್ಟಿಟ್ಟಾಗ ಅದಕ್ಕೆ ಸಂಬಂಧಿಸಿದ ಭಾಗದಲ್ಲಿ ಕುಗ್ಗಿದುದನ್ನು 2006ರಲ್ಲಿಯೂ ರೆಟೊ ಹ್ಯೂಬರ್, ಜೂಲಿಯೋ ಟೊನೋನಿ ಮೊದಲಾದವರು ವರದಿ ಮಾಡಿದರು.

ಬಾಲ್ಯದಲ್ಲಿ ಅತಿಶಯವಾಗಿರುವ ಈ ತರಂಗಗಳು ಹದಿಹರೆಯದಲ್ಲಿ ಗಣನೀಯವಾಗಿ ಇಳಿದು, ನಡುಹರೆಯದ ಹೊತ್ತಿಗೆ ಮತ್ತಷ್ಟು ಕ್ಷಯಿಸುತ್ತವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಸಂಶೋಧಕರು ವಿಪಶ್ಯನ ಧ್ಯಾನವನ್ನು ದೀರ್ಘಕಾಲ ಅಭ್ಯಸಿಸಿದ ನಡುವಯಸ್ಸಿನವರ ನಿದ್ರೆಯನ್ನು ಪರೀಕ್ಷಿಸಿ, ಅದೇ ವಯಸ್ಸಿನ ಇತರರಲ್ಲಿ ತಗ್ಗಿದ್ದ ಮಂದತರಂಗನಿದ್ರೆ ಇವರಲ್ಲಿ ಅಷ್ಟಾಗಿ ಕುಂದಿರಲಿಲ್ಲವೆಂದು 2006ರಲ್ಲಿ ಪ್ರಕಟಿಸಿದರು.