ಬಟ್ಟಲು ಹಿಡಿದ ಕೈಯೂ ಮುದ್ರೆಯೊತ್ತುವ ಕೈಯೂ

ದೂಧಗಂಗೆಯ ದಂಡೆಯ ಸುಳಕೂಡದಿಂದ ಗಡಹಿಂಗ್ಲಜದವರೆಗಿನ ಗಡಿಸೀಮೆಯಲ್ಲಿ ಬಾಳುವ ನಮಗೆ ಬೀದರ ದೂರದ ಊರಾಗಿ ಕಾಣಬಹುದು. ಆದರೆ 1470ರ ಸುಮಾರಿಗೆ ಬಹಮನಿ ಪ್ರಧಾನಿ ಮಹಮೂದ ಗವಾನನು ಖೇಳಣಾ ಕೋಟೆಯನ್ನು, ಅಂದರೆ ಇಂದಿನ ವಿಶಾಳಗಡವನ್ನು ಗೆಲ್ಲಲು ಬಂದಾಗ, ಮಳೆಗಾಲವನ್ನು ನಮ್ಮ ಕೊಲ್ಲಾಪುರ ಸೀಮೆಯಲ್ಲಿಯೇ ಕಳೆದನು. 1472ರಲ್ಲಿ ಗೋವೆಯೂ ಬಹಮನಿಗಳ ವಶವಾಯಿತು. ಇಂಥ ಸಮರ್ಥನನ್ನು ಕೊನೆಗೆ ಕೆಡವಿದ್ದು ಶತ್ರುವಿನ ಕತ್ತಿಯಲ್ಲ. ಅಧಿಕಾರಸ್ಥರನ್ನು ವ್ಯಸನವು ಪರಾಧೀನರನ್ನಾಗಿ ಮಾಡುವುದೇ ಎಂಬ ಪ್ರಶ್ನೆಗೆ ಅವನ ಅಂತ್ಯಕ್ಕಿಂತ ಸ್ಪಷ್ಟವಾದ ನಿದರ್ಶನ ನಮ್ಮ ನಾಡಿನ ಇತಿಹಾಸದಲ್ಲಿ ವಿರಳ.

ಗವಾನನು ರಾಜ್ಯದ ನಾಲ್ಕು ತರಫುಗಳನ್ನು ಎಂಟಾಗಿ ಒಡೆದನು, ಪ್ರತಿಯೊಬ್ಬ ತರಫದಾರನ ಕೈಯಲ್ಲಿ ಒಂದೇ ಕೋಟೆಯನ್ನು ಉಳಿಸಿ ಮಿಕ್ಕವನ್ನು ಸುಲ್ತಾನನ ನೇರ ಅಧೀನಕ್ಕೆ ತಂದನು, ಭೂಮಿಯನ್ನು ಅಳೆಯಿಸಿದನು. ಅಧಿಕಾರ ಕಳೆದುಕೊಂಡ ಸರದಾರರು, ಅವರಲ್ಲಿ ಮುಖ್ಯನಾದ ಮಲಿಕ್ ಹಸನ್, ಹಗೆ ಸಾಧಿಸಿದರು. ಅವರ ಕಡೆಯವರು ಗವಾನನ ಮುದ್ರೆಯ ರಕ್ಷಕನನ್ನು ಸ್ನೇಹದಿಂದ ಒಲಿಸಿ, ಮದ್ಯದ ಅಮಲಿನಲ್ಲಿ ಅವನಿಂದ ಬರಿಯ ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡರು. ಆ ಕಾಗದದ ಮೇಲೆ, ದಂಡೆತ್ತಿ ಬರುವಂತೆ ಒರಿಸ್ಸಾದ ಗಜಪತಿಗೆ ಬರೆದ ಆಹ್ವಾನವು ಮೂಡಿತು. ಸುಲ್ತಾನ ಮೂರನೆಯ ಮುಹಮ್ಮದನು ಕುಡಿದಿದ್ದ ಸಮಯ ನೋಡಿ ಅದನ್ನು ಅವನೆದುರು ಓದಲಾಯಿತು. ಮುದ್ರೆ ತನ್ನದು, ಬರಹ ತನ್ನದಲ್ಲ ಎಂದು ಗವಾನನು ಹೇಳಿದರೂ ವಿಚಾರಣೆ ನಡೆಯಲಿಲ್ಲ. 1481ರ ಏಪ್ರಿಲಿನಲ್ಲಿ, ಆಂಧ್ರದ ಕೊಂಡಪಲ್ಲಿಯ ಬೀಡಿನಲ್ಲಿ, ಮುದಿ ಪ್ರಧಾನಿಯ ತಲೆ ಉರುಳಿತು. ಸತ್ಯ ತಿಳಿದ ಸುಲ್ತಾನನು ಪಶ್ಚಾತ್ತಾಪದಲ್ಲಿ ಬೆಂದು ಮರುವರ್ಷವೇ ತೀರಿಕೊಂಡನು.

ಇಲ್ಲಿ ಮದ್ಯವು ಎರಡು ಕಡೆ ಕೆಲಸ ಮಾಡಿದುದನ್ನು ನಾವು ಗಮನಿಸಬೇಕು: ಸಿಂಹಾಸನದ ಮೇಲೆ ಒಮ್ಮೆ, ಮುದ್ರೆಯ ಪೆಟ್ಟಿಗೆಯ ಬಳಿ ಇನ್ನೊಮ್ಮೆ. ಪ್ರಭಾವವೆಂಬುದು ಪಟ್ಟದಲ್ಲಿ ಮಾತ್ರ ಇರುವುದಿಲ್ಲ. ಬೀಗದ ಕೈ ಹಿಡಿದ ಸೇವಕನಲ್ಲಿಯೂ ಇರುತ್ತದೆ. ಸಂಚುಗಾರರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು.

ಆದರೂ ಎಲ್ಲ ಹೊಣೆಯನ್ನು ಬಟ್ಟಲಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಈ ವೃತ್ತಾಂತವನ್ನು ವಿಸ್ತಾರವಾಗಿ ಬರೆದ ಫಿರಿಷ್ತಾ, ಒಂದು ಶತಮಾನಕ್ಕೂ ಹೆಚ್ಚು ಕಾಲದ ನಂತರ, ಬಿಜಾಪುರದ ಆಸ್ಥಾನದಲ್ಲಿದ್ದವನು. ಬಹಮನಿ ರಾಜ್ಯ ಒಡೆದೇ ಹುಟ್ಟಿದ ಆ ಮನೆತನಕ್ಕೆ ಹಳೆಯ ಒಡೆಯರ ವ್ಯಸನದ ಕಥೆ ಅಪ್ರಿಯವಾಗಿರಲಾರದು. ಮುಂದೆ ಪಟ್ಟವೇರಿದ ಮಹಮೂದ ಶಾಹನು (1482–1518) ವಿಲಾಸಿಯೆಂದು ಹೆಸರಾದವನು. ಕಾಸಿಮ್ ಬರೀದ, ಅನಂತರ ಅವನ ಮಗ ಅಮೀರ್ ಬರೀದರ ಕೈಗೊಂಬೆಯಾದನು. ಆದರೆ ಪಟ್ಟಕ್ಕೆ ಬಂದಾಗ ಅವನು ಹನ್ನೆರಡರ ಬಾಲಕ, ಸೈನ್ಯ ತರಫದಾರರದು. ಬಾಲ್ಯವು ತೊಡಿಸಿದ ಸಂಕೋಲೆಯನ್ನು ಪ್ರಾಯದಲ್ಲಿ ಕಳಚಲು ವ್ಯಸನವು ಬಿಡಲಿಲ್ಲವೆಂದರೆ ಸತ್ಯಕ್ಕೆ ಹತ್ತಿರವಾದೀತು.

ಆದುದರಿಂದ ನಮ್ಮ ನಿಲುವು ಇದು: ವ್ಯಸನವು ತಾನಾಗಿ ಯಾರನ್ನೂ ಪರರಿಗೆ ಒಪ್ಪಿಸುವುದಿಲ್ಲ, ಸಮಯ ಕಾಯುವ ಹಗೆಗೆ ಅದು ಬಾಗಿಲನ್ನು ತೆರೆದಿಡುತ್ತದೆ. ಅಮಲಿಳಿದ ಮೇಲೆ ಮರುದಿನ ಬೆಳಿಗ್ಗೆ ಮತ್ತೊಮ್ಮೆ ಆ ಕಾಗದವನ್ನು ಓದಬೇಕೆಂಬ ಒಂದು ಕಟ್ಟಳೆ ಇದ್ದಿದ್ದರೆ ಗವಾನನು ಉಳಿಯುತ್ತಿದ್ದನೇನೋ. ಒಡೆಯನ ಶೀಲವನ್ನು ನಂಬಿ ಕೂಡುವುದಕ್ಕಿಂತ, ಒಬ್ಬನ ಅಮಲಿಗೆ ಒಂದು ಜೀವ ಬಲಿಯಾಗದಂಥ ಕಟ್ಟಳೆಯನ್ನು ಕಟ್ಟುವುದು ಹೆಚ್ಚಿನ ವಿವೇಕ. ಅದು ರಾಜ್ಯಕ್ಕೆಷ್ಟೋ ಊರ ಪಂಚಾಯತಿಗೂ ಅಷ್ಟೇ. ಗವಾನನು ಕಟ್ಟಿಸಿದ ಮದರಸಾ ಬೀದರದಲ್ಲಿ ಅರ್ಧ ಮುರಿದು ಇಂದಿಗೂ ನಿಂತಿದೆ. ಅವನ ರಾಜ್ಯವಾದರೋ ಐದು ತುಂಡಾಯಿತು.