ಕಟೌಟಿನ ತಂತಿಯಿಂದ ಟ್ರಿಪ್ಪರ್‌ವರೆಗೆ

ಮಳೆಗಾಲದ ಸಂಜೆ ಮನೆಯ ದೀಪಗಳೆಲ್ಲ ಒಮ್ಮೆಲೇ ಆರುತ್ತವೆ. ಪಕ್ಕದ ಮನೆಯಲ್ಲಿ ಬೆಳಕಿರುತ್ತದೆ. ಮೀಟರ್ ಬಳಿಯ ಸ್ವಿಚ್ಚನ್ನು ಮೇಲಕ್ಕೆತ್ತಿದರೆ ಎಲ್ಲವೂ ಸರಿ. ಎರಡು ದಿನ ಬಿಟ್ಟು ಮತ್ತೆ ಅದೇ ಕಥೆ. ‘ಟ್ರಿಪ್ ಆಯಿತು’ ಎಂದು ಜನ ಬೇಸರಪಡುವ ಈ ಪುಟ್ಟ ಸಾಧನಕ್ಕೆ ದೊಡ್ಡ ಇತಿಹಾಸವೇ ಇದೆ.

1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದವು. ಹಡಗಲಿ ಸೀಮೆಯ ಹೊಳಲು ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರಲ್ಲಿ. ಅದೇ ವರ್ಷ ತುಂಗಭದ್ರಾ ಅಣೆಕಟ್ಟೆಯ ನೀರು ಕಾಲುವೆಗೆ ಹರಿಯಿತು. ಬಳಿಕ ಅಣೆಕಟ್ಟೆಯ ಬುಡದಲ್ಲೂ ಹಂಪಿಯಲ್ಲೂ ವಿದ್ಯುದಾಗಾರಗಳು ತಲೆಯೆತ್ತಿದವು.

ಅಂದಿನ ಮನೆಗಳಿಗೆ ಕಾವಲು ಪಿಂಗಾಣಿಯ ಕಟೌಟು. ಅದರೊಳಗಿನ ಸಣ್ಣ ತಂತಿ ಹೆಚ್ಚು ವಿದ್ಯುತ್ ಹರಿದಾಗ ಕರಗಿ, ಮನೆಯ ವೈರಿಂಗ್ ಸುಡದಂತೆ ತಡೆಯುತ್ತಿತ್ತು. ಈ ಫ್ಯೂಸಿಗೆ ಎಡಿಸನ್ 1890ರಲ್ಲಿ ಪೇಟೆಂಟ್ ಪಡೆದಿದ್ದ. ಆದರೆ ಪದೇ ಪದೇ ಫ್ಯೂಸು ಹೋದರೆ ದಪ್ಪ ತಾಮ್ರದ ತಂತಿ ಸುತ್ತುವ ಚಾಳಿ ನಮ್ಮ ಊರುಗಳಲ್ಲಿ ಬೆಳೆಯಿತು. ಆಗ ಕರಗುವುದು ಫ್ಯೂಸಲ್ಲ, ಗೋಡೆಯೊಳಗಿನ ವೈರು.

1924ರಲ್ಲಿ ಜರ್ಮನಿಯ ಹ್ಯೂಗೋ ಸ್ಟಾಟ್ಜ್ ಕಂಪನಿ ತಾನಾಗಿಯೇ ಬೀಳುವ ಸ್ವಿಚ್ಚಿಗೆ ಪೇಟೆಂಟ್ ಪಡೆಯಿತು. ಇಂದಿನ ಎಂಸಿಬಿ ಅದರ ಸಂತತಿ. ಇದರಲ್ಲಿ ಎರಡು ಅಂಗಗಳಿವೆ: ಹೊರೆ ಹೆಚ್ಚಿದಾಗ ಕಾದು ಬಾಗುವ ಜೋಡಿ ಲೋಹದ ಪಟ್ಟಿ, ಶಾರ್ಟ್ ಆದಾಗ ಕ್ಷಣದಲ್ಲಿ ಸೆಳೆಯುವ ವಿದ್ಯುತ್ಕಾಂತ. ಆದರೆ ಮನುಷ್ಯನಿಗೆ ಶಾಕ್ ತಗುಲಿದರೆ ಇದಕ್ಕೆ ತಿಳಿಯದು. ಆ ಕೆಲಸಕ್ಕೆ ಸೋರಿಕೆ ಹಿಡಿಯುವ ಟ್ರಿಪ್ಪರ್ ಬೇಕು. ಹೋದ ವಿದ್ಯುತ್ತಿಗೂ ಮರಳಿದ ವಿದ್ಯುತ್ತಿಗೂ 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ ಅದು ಬೀಳುತ್ತದೆ. 6 ಆಂಪಿಯರ್‌ನ ಎಂಸಿಬಿಯ ಲೆಕ್ಕದಲ್ಲಿ ಇದು ಇನ್ನೂರರಲ್ಲಿ ಒಂದು ಪಾಲು ಮಾತ್ರ!

ಬಡವರ ಮನೆಗೆ ಒಂದು ಬಲ್ಬಿನ ಬೆಳಕು ಕೊಟ್ಟದ್ದು ಭಾಗ್ಯಜ್ಯೋತಿ ಯೋಜನೆ. ಈಗ ಅಂಥ ಹಳೆಯ ಮನೆಗಳಲ್ಲೂ ಮಿಕ್ಸಿ, ಫ್ರಿಜ್, ನೀರೆತ್ತುವ ಮೋಟಾರು ಬಂದಿವೆ. ಬಳ್ಳಾರಿ ಸೀಮೆಯ ಮಣ್ಣಿನ ಮಾಳಿಗೆ ಸೋರಿದಾಗ ಗೋಡೆ ಒದ್ದೆಯಾಗುತ್ತದೆ. ಹಳೆಯ ಜಾಯಿಂಟುಗಳಲ್ಲಿ ಸೋರಿಕೆ ಶುರುವಾಗುತ್ತದೆ, ಬಿಸಿಲು ಬಂದೊಡನೆ ಮಾಯವಾಗುತ್ತದೆ. ಮಿಸ್ತ್ರಿ ಬರುವ ವೇಳೆಗೆ ದೋಷವೇ ಇರುವುದಿಲ್ಲ!

ಇಂಥ ಕಳ್ಳನನ್ನು ಹಿಡಿಯಲು ವೇಳೆಯೇ ಸುಳಿವು. ಸ್ವಿಚ್ ಹಾಕಿದೊಡನೆ ಬಿದ್ದರೆ ಶಾರ್ಟ್ ಇರಬಹುದು. ಹತ್ತಿಪ್ಪತ್ತು ನಿಮಿಷದ ಬಳಿಕ ಬಿದ್ದರೆ ಹೊರೆ ಹೆಚ್ಚು. ಮಳೆ ಬಂದಾಗ, ಗೀಸರ್ ಹಾಕಿದಾಗ ಬಿದ್ದರೆ ಸೋರಿಕೆ. ಬಿದ್ದ ದಿನ, ಗಂಟೆ, ಆಗ ನಡೆಯುತ್ತಿದ್ದ ಉಪಕರಣ ಇವನ್ನು ಬರೆದಿಡಬೇಕು. ಎಲ್ಲ ಪ್ಲಗ್ಗುಗಳನ್ನೂ ಕಿತ್ತು, ಒಂದೊಂದಾಗಿ ಮರಳಿ ಹಾಕುತ್ತ ನೋಡಬೇಕು. ಒಂದು ಉಪಕರಣದ ಸೋರಿಕೆ ಅಲ್ಪವಾದರೂ ನಾಲ್ಕು ಸೇರಿ ಮಿತಿ ದಾಟುವುದುಂಟು. ಎಲ್ಲ ಕಿತ್ತರೂ ಬಿದ್ದರೆ ದೋಷ ವೈರಿಂಗಿನಲ್ಲಿದೆ; ಅದನ್ನು ಪರವಾನಗಿ ಇರುವ ಮಿಸ್ತ್ರಿ ಮೆಗ್ಗರ್‌ನಿಂದ ಪರೀಕ್ಷಿಸಬೇಕು.

ಬೇಸತ್ತು ಟ್ರಿಪ್ಪರನ್ನೇ ಕಳಚಿ ನೇರ ಸಂಪರ್ಕ ಕೊಡುವವರಿದ್ದಾರೆ. ಕಟೌಟಿಗೆ ತಾಮ್ರದ ತಂತಿ ಸುತ್ತಿದ ಹಿರಿಯರ ತಪ್ಪೇ ಇದು. ಅಂದು ಸುಡುತ್ತಿದ್ದುದು ವೈರು. ಇಂದು ಒದ್ದೆ ಕೈಯಲ್ಲಿ ಮೋಟಾರಿನ ಸ್ವಿಚ್ ಮುಟ್ಟುವ ಜೀವಕ್ಕೇ ಅಪಾಯ.